ಸಿಹಿನೀರಿನಲ್ಲೂ ಅಂಬಲಿ ಮೀನು!

ಅಂಬಲಿ ಮೀನಿನ ಹೆಸರು ಕೇಳಿದ್ದೀರಾ? ಇಂಗ್ಲಿಷಿನಲ್ಲಿ ಇದನ್ನು ಜೆಲ್ಲಿ ಫಿಶ್ ಎನ್ನುತ್ತಾರೆ. ಕಾರವಾರ, ಮಲ್ಪೆ, ಮಂಗಳೂರಿನ ಕಡೆಯ ಮಕ್ಕಳು ಇದನ್ನು ನೋಡಿರಬಹುದು. ಮೀನುಗಾರರ ಬಲೆಗೆ ಸಿಕ್ಕಿ ದಡಕ್ಕೆ ಬಂದಾಗ ಮರಳಿನ ಮೇಲೆ ಲೋಳೆಯ ಮುದ್ದೆಯಂತೆ ಬಿದ್ದಿರುತ್ತದೆ. ಉಳಿದ ಜಿಲ್ಲೆಗಳ ಮಕ್ಕಳು ಪುಸ್ತಕದ ಚಿತ್ರದಲ್ಲೋ ಟಿ.ವಿ.ಯಲ್ಲೋ ನೋಡಿರುತ್ತೀರಿ. "ಅದು ಸಮುದ್ರದ ಪ್ರಾಣಿ. ನಮ್ಮೂರ ಕೆರೆಗೂ ಹೊಳೆಗೂ ಅದಕ್ಕೂ ಏನು ಸಂಬಂಧ?" ಎಂದು ನೀವು ಕೇಳಬಹುದು.

ಸಂಬಂಧ ಇದೆ. ಉಪ್ಪಿನ ಅಂಶವೇ ಇಲ್ಲದ ಸಿಹಿನೀರಿನ ಕೆರೆ, ಸರೋವರ, ನದಿಗಳಲ್ಲೂ ಕೆಲವು ಬಗೆಯ ಅಂಬಲಿ ಮೀನುಗಳು ಬದುಕುತ್ತವೆ. ಅವುಗಳಲ್ಲಿ ಒಂದು ನಮ್ಮ ಕೃಷ್ಣಾ ನದಿಗೆ ಸೇರುವ ಹೊಳೆಗಳಲ್ಲೇ ಇದೆ! ಹಾಗಿದ್ದರೆ ನಮ್ಮಲ್ಲಿ ಬಹಳ ಜನ ಅದನ್ನು ಏಕೆ ನೋಡಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕೋಣ ಬನ್ನಿ.

ಮೀನಲ್ಲದ ಮೀನು

ಹೆಸರಿನಲ್ಲಿ ಮೀನು ಇದ್ದರೂ ಇದು ಮೀನಲ್ಲ. ಮೀನಿಗೆ ಬೆನ್ನುಮೂಳೆ ಇದೆ, ಕಿವಿರುಗಳಿವೆ, ಹೃದಯ ಇದೆ, ಮೆದುಳೂ ಇದೆ. ಅಂಬಲಿ ಮೀನಿಗೆ ಇವು ಯಾವುವೂ ಇಲ್ಲ. ಅದರ ದೇಹದ ತೂಕದಲ್ಲಿ ಶೇಕಡ 95ಕ್ಕಿಂತ ಹೆಚ್ಚು ಪಾಲು ಬರಿಯ ನೀರು.

ಬಿಚ್ಚಿದ ಕೊಡೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಂಬಲಿ ಮೀನಿನ ಆಕಾರ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಕೊಡೆಯ ಹಿಡಿ ಇರುವ ಜಾಗದಲ್ಲಿ ಅದರ ಹೊಟ್ಟೆ ಮತ್ತು ಬಾಯಿ ಜೋತು ಬಿದ್ದಿರುತ್ತವೆ. ಕೊಡೆಯ ಅಂಚಿನ ಸುತ್ತ ನೂಲಿನಂಥ ಎಳೆಗಳಿರುತ್ತವೆ. ಇವಕ್ಕೆ ಕರಬಳ್ಳಿಗಳು ಎಂದು ಹೆಸರು. ಕರಬಳ್ಳಿಗಳ ತುಂಬ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಕುಟುಕು ಕೋಶಗಳು ಇರುತ್ತವೆ. ಪ್ರತಿಯೊಂದು ಕೋಶದೊಳಗೂ ಸುರುಳಿ ಸುತ್ತಿಟ್ಟ ಒಂದು ವಿಷದ ದಾರ. ಸಣ್ಣ ಜೀವಿಯೊಂದು ತಗಲಿದೊಡನೆ ದಾರ ಚಿಮ್ಮಿ ಅದಕ್ಕೆ ಚುಚ್ಚಿಕೊಳ್ಳುತ್ತದೆ. ಬೇಟೆ ಮರಗಟ್ಟುತ್ತದೆ. ಕರಬಳ್ಳಿ ಅದನ್ನು ಬಾಯಿಗೆ ಸಾಗಿಸುತ್ತದೆ.

ಕುಟುಕು ಕೋಶಗಳಿರುವ ಎಲ್ಲ ಪ್ರಾಣಿಗಳನ್ನೂ ವಿಜ್ಞಾನಿಗಳು ನಿಡೇರಿಯ ಎಂಬ ಒಂದೇ ವಂಶಕ್ಕೆ ಸೇರಿಸಿದ್ದಾರೆ. ಸಮುದ್ರದ ಹವಳದ ಜೀವಿಗಳು ಈ ವಂಶದವು. ಕೆರೆಯ ನೀರಿನಲ್ಲಿ ಸಿಗುವ ಹೈಡ್ರ ಕೂಡ ಇದೇ ವಂಶದ್ದು. ಈ ವಂಶದಲ್ಲಿ 10,000ಕ್ಕೂ ಹೆಚ್ಚು ಪ್ರಭೇದಗಳಿವೆ. ಆದರೆ ಅವುಗಳಲ್ಲಿ ಸಿಹಿನೀರಿನಲ್ಲಿ ಸ್ವತಂತ್ರವಾಗಿ ಬದುಕುವ ಪ್ರಭೇದಗಳು ಕೆಲವೇ ಹತ್ತುಗಳಷ್ಟು. ಏಕೆ ಇಷ್ಟು ಕಡಿಮೆ?

ಸಿಹಿನೀರಿನ ತೊಂದರೆ

ನಮಗೆ ಸಿಹಿನೀರು ಬೇಕು, ಉಪ್ಪುನೀರು ಬೇಡ. ಅಂಬಲಿ ಮೀನಿನ ವಂಶದ್ದು ಇದಕ್ಕೆ ಉಲ್ಟಾ. ಸಮುದ್ರದ ಅಂಬಲಿ ಮೀನಿನ ದೇಹದೊಳಗಿನ ನೀರೂ ಹೊರಗಿನ ಸಮುದ್ರದ ನೀರೂ ಸುಮಾರಾಗಿ ಒಂದೇ ಸಮ ಉಪ್ಪಾಗಿರುತ್ತವೆ. ಹಾಗಾಗಿ ಅದಕ್ಕೆ ಯಾವ ತೊಂದರೆಯೂ ಇಲ್ಲ. ಅದನ್ನು ಕೆರೆಗೆ ಬಿಟ್ಟರೆ ಏನಾಗುತ್ತದೆ? ಒಂದು ಸುಲಭ ಪ್ರಯೋಗದಿಂದ ತಿಳಿಯಬಹುದು.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಎರಡು ಲೋಟ, ನೀರು, ಉಪ್ಪು, ಎಂಟು ಒಣದ್ರಾಕ್ಷಿ.

1. ಒಂದು ಲೋಟದಲ್ಲಿ ಬರಿಯ ನೀರು ತೆಗೆದುಕೊಂಡು ಎಂಟೂ ಒಣದ್ರಾಕ್ಷಿ ಹಾಕಿ. ರಾತ್ರಿಯಿಡೀ ಹಾಗೇ ಬಿಡಿ.
2. ಬೆಳಿಗ್ಗೆ ನೋಡಿ. ದ್ರಾಕ್ಷಿಗಳು ಉಬ್ಬಿ ದಪ್ಪಗಾಗಿರುತ್ತವೆ.
3. ಇನ್ನೊಂದು ಲೋಟದ ನೀರಿಗೆ ಇನ್ನು ಕರಗುವುದೇ ಇಲ್ಲ ಎನ್ನುವಷ್ಟು ಉಪ್ಪು ಹಾಕಿ ಕಲಕಿ. ಉಬ್ಬಿದ ನಾಲ್ಕು ದ್ರಾಕ್ಷಿಗಳನ್ನು ಇದಕ್ಕೆ ಹಾಕಿ.
4. ಕೆಲವು ಗಂಟೆಗಳ ನಂತರ ಎರಡೂ ಲೋಟದ ದ್ರಾಕ್ಷಿಗಳನ್ನು ಹೋಲಿಸಿ. ಉಪ್ಪುನೀರಿನ ದ್ರಾಕ್ಷಿಗಳು ಸುಕ್ಕಾಗಿರುತ್ತವೆ.

ದ್ರಾಕ್ಷಿಯ ಸಿಪ್ಪೆಯ ಮೂಲಕ ನೀರು ಆಚೀಚೆ ಹೋಗಬಲ್ಲದು. ಕರಗಿದ ಪದಾರ್ಥ ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ ನೀರು ಸಾಗುತ್ತದೆ. ಇದಕ್ಕೆ ಅಭಿಸರಣ ಎಂದು ಹೆಸರು.

ಈಗ ಅಂಬಲಿ ಮೀನಿಗೆ ಬರೋಣ. ಅದರ ಚರ್ಮ ಬಹಳ ತೆಳು. ಸಿಹಿನೀರಿನಲ್ಲಿ ಇದ್ದರೆ ಹೊರಗಿನ ನೀರು ಸದಾ ಅದರ ದೇಹದೊಳಕ್ಕೆ ನುಗ್ಗುತ್ತಲೇ ಇರುತ್ತದೆ. ಆ ನೀರನ್ನು ಹೊರಹಾಕದಿದ್ದರೆ ನೆನೆಸಿದ ದ್ರಾಕ್ಷಿಯಂತೆ ಉಬ್ಬಿ ಸಾಯಬೇಕಾಗುತ್ತದೆ. ಸೋರುವ ದೋಣಿಯಲ್ಲಿ ಕುಳಿತವನು ನೀರನ್ನು ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಲೇ ಇರಬೇಕಲ್ಲವೇ? ಹಾಗೆ. ಹೈಡ್ರ ತನ್ನ ಹೊಟ್ಟೆಯ ಪೊಳ್ಳಿನಲ್ಲಿ ಸೇರಿದ ನೀರನ್ನು ಆಗಾಗ ಮೈ ಕುಗ್ಗಿಸಿ ಬಾಯಿಯಿಂದ ಹೊರಗೆ ತಳ್ಳುತ್ತದೆ. ಈ ಬಗೆಯ ಉಪಾಯ ಕಲಿತ ಕೆಲವೇ ಜೀವಿಗಳು ಸಿಹಿನೀರಿನಲ್ಲಿ ಉಳಿದಿವೆ. ಸಿಹಿನೀರಿನ ಅಂಬಲಿ ಮೀನುಗಳೆಲ್ಲ ಹೈಡ್ರದ ಹತ್ತಿರದ ಬಂಧುಗಳೇ.

ಲಂಡನ್ನಿನ ತೊಟ್ಟಿಯಲ್ಲಿ

ಈಗ 1880ನೆಯ ಇಸವಿಗೆ ಹೋಗೋಣ. ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಎಂಬಲ್ಲಿ ಒಂದು ಸಸ್ಯೋದ್ಯಾನ ಇತ್ತು. ಅಲ್ಲಿನ ಗಾಜಿನ ಮನೆಯೊಳಗೆ ಒಂದು ದೊಡ್ಡ ನೀರಿನ ತೊಟ್ಟಿ. ಅದರಲ್ಲಿ ದಕ್ಷಿಣ ಅಮೆರಿಕದ ವಿಕ್ಟೋರಿಯ ಎಂಬ ದೈತ್ಯ ನೈದಿಲೆಯನ್ನು ಬೆಳೆಸಿದ್ದರು. ಈ ನೈದಿಲೆಗೆ ಚಳಿ ಆಗದು. ಆದ್ದರಿಂದ ತೊಟ್ಟಿಯ ನೀರನ್ನು ಯಾವಾಗಲೂ ಬೆಚ್ಚಗೆ ಇಡುತ್ತಿದ್ದರು.

ಆ ವರ್ಷದ ಜೂನ್ ತಿಂಗಳಲ್ಲಿ ಉದ್ಯಾನದ ಕಾರ್ಯದರ್ಶಿ ವಿಲಿಯಂ ಸೋವರ್ಬಿ ತೊಟ್ಟಿಯಲ್ಲಿ ಏನೋ ಮಿಡಿಯುತ್ತಿರುವುದನ್ನು ಕಂಡರು. ಗಾಜಿನಂತೆ ಪಾರದರ್ಶಕವಾದ ಚಿಕ್ಕ ಚಿಕ್ಕ ಕೊಡೆಗಳು! ರೇ ಲ್ಯಾಂಕೆಸ್ಟರ್ ಎಂಬ ಪ್ರಾಣಿವಿಜ್ಞಾನಿ ಪರೀಕ್ಷಿಸಿ ನೋಡಿದರು. ಅವು ಅಂಬಲಿ ಮೀನುಗಳೇ ಆಗಿದ್ದವು. ವಿಜ್ಞಾನಿಗಳಿಗೆ ಆಶ್ಚರ್ಯವೋ ಆಶ್ಚರ್ಯ. ಸಿಹಿನೀರಿನ ತೊಟ್ಟಿಗೆ ಸಮುದ್ರದ ಬಂಧು ಬಂದದ್ದು ಹೇಗೆ? ಸೋವರ್ಬಿಯವರ ನೆನಪಿಗೆ ಈ ಪ್ರಾಣಿಗೆ ಕ್ರ್ಯಾಸ್ಪೆಡಕುಸ್ಟ ಸೋವರ್ಬಿ ಎಂಬ ಹೆಸರು ಬಂತು.

ಪೂರ್ತಿ ಬೆಳೆದ ಈ ಅಂಬಲಿ ಮೀನು ನಮ್ಮ ಒಂದು ರೂಪಾಯಿ ನಾಣ್ಯದಷ್ಟು ಅಗಲ, ಅಂದರೆ ಸುಮಾರು 2 ಸೆಂಟಿಮೀಟರ್. ಅಂಚಿನ ಸುತ್ತ ನೂರಾರು ಕರಬಳ್ಳಿಗಳು. ಕೊಡೆಯನ್ನು ಕುಗ್ಗಿಸಿ ಹಿಗ್ಗಿಸಿ ಇದು ಮೇಲಕ್ಕೆ ಈಜುತ್ತದೆ. ಆಮೇಲೆ ಈಜು ನಿಲ್ಲಿಸಿ, ಕರಬಳ್ಳಿಗಳನ್ನು ಹರಡಿಕೊಂಡು, ಮೆಲ್ಲಗೆ ಕೆಳಕ್ಕೆ ಇಳಿಯುತ್ತದೆ. ಇಳಿಯುವ ದಾರಿಯಲ್ಲಿ ಸಿಕ್ಕಿದ ಸಣ್ಣ ಜಲಜೀವಿಗಳೇ ಅದರ ಊಟ.

ಆ ತೊಟ್ಟಿಯಲ್ಲಿ ಇನ್ನೊಂದು ಸೋಜಿಗವೂ ಇತ್ತು. ಪರೀಕ್ಷಿಸಿದ ಅಂಬಲಿ ಮೀನುಗಳೆಲ್ಲ ಗಂಡು! ಒಂದೇ ಒಂದು ಹೆಣ್ಣೂ ಸಿಗಲಿಲ್ಲ. ಮೊಟ್ಟೆಯೇ ಇಲ್ಲದೆ ಇಷ್ಟೊಂದು ಮರಿಗಳು ಬಂದದ್ದು ಹೇಗೆ? ಅಷ್ಟೇ ಅಲ್ಲ, ಕೆಲವು ವಾರಗಳಲ್ಲಿ ಅವು ಮಾಯವಾಗುತ್ತಿದ್ದವು. ಮುಂದಿನ ಬೇಸಿಗೆಗಳಲ್ಲಿ ಮತ್ತೆ ಕಾಣಿಸಿಕೊಂಡವು.

ಒಂದೇ ಪ್ರಾಣಿ, ಎರಡು ರೂಪ

ಒಗಟು ಬಿಡಿಸಲು ಕೆಲವು ವರ್ಷ ಬೇಕಾಯಿತು. ಅದೇ ತೊಟ್ಟಿಯ ಜಲಸಸ್ಯಗಳ ಬೇರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸುಮಾರು 1 ಮಿಲಿಮೀಟರ್ ಉದ್ದದ ಕಡ್ಡಿಯಂಥ ಜೀವಿಗಳು ಅಂಟಿಕೊಂಡಿರುವುದು ತಿಳಿಯಿತು. ಅವಕ್ಕೆ ಕರಬಳ್ಳಿಗಳೂ ಇರಲಿಲ್ಲ. ಅಮೆರಿಕದ ಫಿಲಡೆಲ್ಫಿಯದ ಬಳಿಯ ತೊರೆಯೊಂದರಲ್ಲೂ 1885ರಲ್ಲಿ ಎಡ್ವರ್ಡ್ ಪಾಟ್ಸ್ ಎಂಬುವರಿಗೆ ಇಂಥದೇ ಜೀವಿ ಸಿಕ್ಕಿತು. ಅವರು ಅದನ್ನು ಬೇರೆಯೇ ಪ್ರಾಣಿಯೆಂದು ಭಾವಿಸಿ ಬೇರೆ ಹೆಸರಿಟ್ಟರು. ಆ ಕಡ್ಡಿಯೂ ಈ ಕೊಡೆಯೂ ಒಂದೇ ಪ್ರಾಣಿಯ ಎರಡು ರೂಪಗಳು ಎಂಬುದು ಮುಂದೆ ಖಚಿತವಾಯಿತು.

ಕಂಬಳಿಹುಳು ಚಿಟ್ಟೆಯಾಗುವುದನ್ನು ನೀವು ಓದಿದ್ದೀರಿ. ಅಲ್ಲಿ ಒಂದು ಹುಳುವಿನಿಂದ ಒಂದೇ ಚಿಟ್ಟೆ. ಇಲ್ಲಿ ಹಾಗಲ್ಲ. ಕಡ್ಡಿಯಂಥ ರೂಪಕ್ಕೆ ಪಾಲಿಪ್ ಎಂದೂ ಕೊಡೆಯಂಥ ರೂಪಕ್ಕೆ ಮೆಡ್ಯೂಸ ಎಂದೂ ಹೆಸರು. ಪಾಲಿಪ್ ತಾನು ಉಳಿದುಕೊಂಡೇ ಮೈಮೇಲೆ ಮೊಗ್ಗುಗಳನ್ನು ಬಿಡುತ್ತದೆ. ಮೊಗ್ಗಿನಲ್ಲಿ ಮೂರು ಬಗೆ:

* ಒಂದು ಬಗೆಯ ಮೊಗ್ಗು ಅಲ್ಲೇ ಅಂಟಿಕೊಂಡು ಇನ್ನೊಂದು ಪಾಲಿಪ್ ಆಗುತ್ತದೆ.
* ಇನ್ನೊಂದು ಬಗೆಯದು ಕಳಚಿಕೊಂಡು, ಹುಳುವಿನಂತೆ ಮೆಲ್ಲಗೆ ತೆವಳಿ, ಬೇರೆ ಜಾಗದಲ್ಲಿ ಪಾಲಿಪ್ ಆಗುತ್ತದೆ.
* ಮೂರನೆಯ ಬಗೆಯದು ಕಳಚಿಕೊಂಡು ಈಜುವ ಮೆಡ್ಯೂಸ ಆಗುತ್ತದೆ. ನೀರು ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಾಗಿ, ಆಹಾರವೂ ಚೆನ್ನಾಗಿ ಸಿಕ್ಕರೆ ಇಂಥ ಮೊಗ್ಗುಗಳು ಮೂಡುತ್ತವೆ.

ಒಂದೇ ಪಾಲಿಪ್‌ನಿಂದ ಬಂದ ಸಂತತಿಯ ಮೆಡ್ಯೂಸಗಳೆಲ್ಲ ಒಂದೇ ಲಿಂಗದವು. ಲಂಡನ್ನಿನ ತೊಟ್ಟಿಯಲ್ಲಿ ಎಲ್ಲವೂ ಗಂಡಾಗಿದ್ದ ಗುಟ್ಟು ಇದೇ. ಗಂಡು ಹೆಣ್ಣು ಎರಡೂ ಇರುವ ಕಡೆ ಮೊಟ್ಟೆಯಿಂದ ಮರಿಯಾಗಿ, ಆ ಮರಿ ತಳಕ್ಕೆ ಅಂಟಿಕೊಂಡು ಹೊಸ ಪಾಲಿಪ್ ಆಗುತ್ತದೆ.

ಕಾಲ ಕೆಟ್ಟರೆ? ಪಾಲಿಪ್ ಮುದುಡಿಕೊಂಡು ಗಟ್ಟಿ ಹೊದಿಕೆಯ ಸಣ್ಣ ಕಾಳಿನಂತೆ ಆಗುತ್ತದೆ. ಚಳಿಯನ್ನೂ ಒಣಗುವಿಕೆಯನ್ನೂ ತಡೆದುಕೊಂಡು ಕಾಯುತ್ತದೆ. ಒಳ್ಳೆಯ ಕಾಲ ಬಂದಾಗ ಮತ್ತೆ ಪಾಲಿಪ್ ಆಗುತ್ತದೆ. ಒಣಭೂಮಿಯಲ್ಲಿ ಮಳೆಗಾಗಿ ಕಾಯುವ ಬೀಜದ ಹಾಗೆ.

ಮೊದಲು ಕೇಳಿದ ಪ್ರಶ್ನೆಗೆ ಈಗ ಅರ್ಧ ಉತ್ತರ ಸಿಕ್ಕಿತು. ನಮ್ಮ ಕಣ್ಣಿಗೆ ಬೀಳುವ ಕೊಡೆಯ ರೂಪ ವರ್ಷದಲ್ಲಿ ಕೆಲವೇ ವಾರ ಇರುತ್ತದೆ. ಕೆಲವು ವರ್ಷ ಬರುವುದೇ ಇಲ್ಲ. ಉಳಿದ ಕಾಲವೆಲ್ಲ ಪ್ರಾಣಿ ನೀರಿನ ತಳದಲ್ಲಿ, ಕಲ್ಲಿನ ಮೇಲೆ, ಬೇರಿನ ಮೇಲೆ ಇರುತ್ತದೆ. ಅದು ಇಲ್ಲ ಎಂದಲ್ಲ, ಕಾಣುವುದಿಲ್ಲ ಅಷ್ಟೆ.

ಊರಿಂದ ಊರಿಗೆ ಪಯಣ

ಲಂಡನ್ನಿನ ತೊಟ್ಟಿಗೆ ಇದು ಗಿಡಗಳ ಜೊತೆ ಬಂದಿರಬೇಕೆಂದು ಜನ ಊಹಿಸಿದರು. ಆದರೆ ಇದರ ತವರು ಯಾವುದು? 1907ರಲ್ಲಿ ಜಪಾನಿನ ವಿಜ್ಞಾನಿ ಓಕ ಅವರು ಚೀನಾದ ಯಾಂಗ್‌ಟ್ಸಿ ನದಿಯ ಅಂಬಲಿ ಮೀನನ್ನು ವರ್ಣಿಸಿದರು. ಇಂದು ವಿಜ್ಞಾನಿಗಳು ಯಾಂಗ್‌ಟ್ಸಿ ನದಿಯ ಪ್ರದೇಶವನ್ನೇ ಇದರ ತವರೆಂದು ಒಪ್ಪಿದ್ದಾರೆ. ಆ ನದಿಯ ದಡದ ಕೆಲವು ಊರುಗಳ ಜನಕ್ಕೆ ಇದು ಹೊಸದೇನೂ ಅಲ್ಲ. ಪೀಚ್ ಮರಗಳು ಹೂ ಬಿಡುವ ಕಾಲದಲ್ಲಿ ಕಾಣಿಸುವುದರಿಂದ ಅವರು ಇದನ್ನು ಪೀಚ್ ಹೂವಿನ ಮೀನು ಎಂದು ಕರೆಯುತ್ತಾರೆ.

ಜಲಸಸ್ಯಗಳು ಮತ್ತು ಮೀನುಮರಿಗಳ ಸಾಗಾಟದ ಜೊತೆ ಪಾಲಿಪ್‌ಗಳೂ ಕಾಳಿನಂಥ ರೂಪಗಳೂ ದೇಶದಿಂದ ದೇಶಕ್ಕೆ ಹೋದವು. ಇಂದು ಅಂಟಾರ್ಕ್ಟಿಕ ಒಂದನ್ನು ಬಿಟ್ಟು ಎಲ್ಲ ಖಂಡಗಳಲ್ಲೂ ಈ ಪ್ರಾಣಿ ಇದೆ. ಯಾರೂ ಬೇಕೆಂದು ಕಳಿಸಲಿಲ್ಲ. ಮನುಷ್ಯರಿಗೆ ತಿಳಿಯದೆಯೇ ನಡೆದುಹೋಯಿತು.

ಸರೋವರ ಒಮ್ಮೆ ಸಮುದ್ರವಾಗಿತ್ತೆ?

ಲಂಡನ್ನಿನ ಸುದ್ದಿ ಬಂದ ಮೂರೇ ವರ್ಷಕ್ಕೆ, 1883ರಲ್ಲಿ, ಆಫ್ರಿಕದಿಂದ ಇನ್ನೊಂದು ಸುದ್ದಿ ಬಂತು. ಜರ್ಮನಿಯ ರಿಚರ್ಡ್ ಬೋಮ್ ಎಂಬ ಪ್ರವಾಸಿಗೆ ಟ್ಯಾಂಗನೀಕ ಸರೋವರದಲ್ಲಿ ಅಂಬಲಿ ಮೀನುಗಳು ಕಂಡವು. ಇದು ಬೇರೆ ಜಾತಿಯದು. ಇದಕ್ಕೆ ಲಿಮ್ನೊಕ್ನಿಡ ಎಂದು ಹೆಸರಾಯಿತು. ಟ್ಯಾಂಗನೀಕ ಬಹಳ ಉದ್ದದ, ಬಹಳ ಆಳದ ಸಿಹಿನೀರಿನ ಸರೋವರ. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದಲ್ಲಿದೆ.

ಆಗ ಕೆಲವರು ಹೀಗೆ ಯೋಚಿಸಿದರು: "ಅಂಬಲಿ ಮೀನು ಸಮುದ್ರದ ಪ್ರಾಣಿ. ಇಲ್ಲಿನ ಕೆಲವು ಬಸವನಹುಳುಗಳ ಚಿಪ್ಪುಗಳೂ ಸಮುದ್ರದವುಗಳಂತೆ ಇವೆ. ಹಾಗಾದರೆ ಈ ಸರೋವರ ಹಿಂದೆ ಸಮುದ್ರದ ಭಾಗವೇ ಆಗಿದ್ದಿರಬೇಕು!" ಇದನ್ನು ಪರೀಕ್ಷಿಸಲು 1896ರಲ್ಲೂ 1899ರಲ್ಲೂ ಮೂರ್ ಎಂಬ ಇಂಗ್ಲಿಷ್ ವಿಜ್ಞಾನಿ ಆಫ್ರಿಕಕ್ಕೆ ಹೋದರು. ಅವರೂ ಈ ವಿಚಾರವನ್ನೇ ಎತ್ತಿಹಿಡಿದರು.

ಆದರೆ ಮುಂದೆ ಆಫ್ರಿಕದ ಬೇರೆ ಸರೋವರ, ನದಿಗಳಲ್ಲೂ ಲಿಮ್ನೊಕ್ನಿಡ ಸಿಕ್ಕಿತು. ಟ್ಯಾಂಗನೀಕ ಒಂದಕ್ಕೇ ಕಟ್ಟಿದ ಕಥೆ ಇದರಿಂದ ಸಡಿಲವಾಯಿತು. 1904-05ರಲ್ಲಿ ಹೋದ ಇನ್ನೊಂದು ತಂಡಕ್ಕೂ ಸಮುದ್ರದ ಕಥೆಗೆ ಆಧಾರ ಸಿಗಲಿಲ್ಲ. ಭೂಮಿಯ ಹೊರಪದರ ಸೀಳಿ ಬಿಟ್ಟು ಉಂಟಾದ ಕಣಿವೆಯಲ್ಲಿ ನೀರು ತುಂಬಿ ಟ್ಯಾಂಗನೀಕ ಸರೋವರವಾಯಿತು ಎಂದು ಇಂದು ನಮಗೆ ಗೊತ್ತು. ಗಮನಿಸಿ ಮಕ್ಕಳೇ, ಒಂದು ಊಹೆ ಎಷ್ಟೇ ಚೆನ್ನಾಗಿ ಕೇಳಿಸಿದರೂ ಬೇರೆ ಕಡೆಯೂ ಹುಡುಕಿ ನೋಡುವವರೆಗೆ ಅದು ಊಹೆಯೇ.

ಸಹ್ಯಾದ್ರಿಯ ಹೊಳೆಯಲ್ಲಿ

ಬೇರೆ ಕಡೆ ಹುಡುಕಿದವರಲ್ಲಿ ನಮ್ಮವರೊಬ್ಬರು ಇದ್ದರು. ಅವರೇ ಶಂಕರ ಪುರುಷೋತ್ತಮ ಆಘಾರ್ಕರ್. ಮಹಾರಾಷ್ಟ್ರದ ಮಾಲ್ವಣದಲ್ಲಿ 1884ರಲ್ಲಿ ಹುಟ್ಟಿದ ಅವರು ಮುಂಬಯಿಯ ಕಾಲೇಜಿನಲ್ಲಿ ಜೀವವಿಜ್ಞಾನ ಕಲಿಸುತ್ತಿದ್ದರು. ಬಿಡುವಿನಲ್ಲಿ ಸಹ್ಯಾದ್ರಿಯ ಬೆಟ್ಟ ಹೊಳೆಗಳನ್ನು ಸುತ್ತಿ ಗಿಡ, ಪ್ರಾಣಿಗಳನ್ನು ಸಂಗ್ರಹಿಸುತ್ತಿದ್ದರು. ಹಾಗೆ ಸುತ್ತುವಾಗ ಸಾತಾರಾ ಜಿಲ್ಲೆಯ ಹೊಳೆಯಲ್ಲಿ ಅವರಿಗೆ ಅಂಬಲಿ ಮೀನು ಸಿಕ್ಕಿತು!

ಅದನ್ನು ಕಲ್ಕತ್ತದ ಇಂಡಿಯನ್ ಮ್ಯೂಸಿಯಂನ ನೆಲ್ಸನ್ ಅನ್ನಂಡೇಲ್ ಪರೀಕ್ಷಿಸಿದರು. 1911-12ರ ವೇಳೆಗೆ ಅದಕ್ಕೆ ಲಿಮ್ನೊಕ್ನಿಡ ಇಂಡಿಕ ಎಂಬ ಹೆಸರು ಸಿಕ್ಕಿತು. ಅಲ್ಲಿಯವರೆಗೆ ಲಿಮ್ನೊಕ್ನಿಡ ಆಫ್ರಿಕದಲ್ಲಿ ಮಾತ್ರ ಇದೆ ಎಂದು ಎಲ್ಲರೂ ತಿಳಿದಿದ್ದರು. ಆದ್ದರಿಂದ ಈ ಸುದ್ದಿ ಪ್ರಪಂಚದ ವಿಜ್ಞಾನಿಗಳ ಗಮನ ಸೆಳೆಯಿತು. ಆಘಾರ್ಕರ್ ಮುಂದೆ ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕರಾದರು. ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಗೆ ಇಂದು ಅವರದೇ ಹೆಸರು.

ಈ ಅಂಬಲಿ ಮೀನು ಕಂಡುಬಂದ ಹೊಳೆಗಳು ಯಾವುವು ಗೊತ್ತೆ? ವೆಣ್ಣಾ ಮತ್ತು ಕೊಯ್ನಾ. ನಕ್ಷೆ ತೆಗೆದು ನೋಡಿ. ಇವೆರಡೂ ಮಹಾಬಲೇಶ್ವರದ ಬೆಟ್ಟಗಳಲ್ಲಿ ಹುಟ್ಟುತ್ತವೆ. ವೆಣ್ಣಾ ಸಾತಾರಾ ಬಳಿಯಲ್ಲೂ ಕೊಯ್ನಾ ಕರಾಡದಲ್ಲೂ ಕೃಷ್ಣೆಯನ್ನು ಸೇರುತ್ತವೆ. ಅದೇ ಕೃಷ್ಣೆ ಮುಂದೆ ಬೆಳಗಾವಿ ಜಿಲ್ಲೆಯಲ್ಲಿ ಕರ್ನಾಟಕಕ್ಕೆ ಬರುತ್ತಾಳೆ.

ಬೇಸಿಗೆಯಲ್ಲಿ ಇಂಥ ಹೊಳೆಗಳ ಹರಿವು ಇಳಿದು, ಬಂಡೆಗಳ ನಡುವೆ ಮಡುಗಳು ಉಳಿಯುತ್ತವೆ. ಮಡುವಿನ ನೀರು ನಿಂತು, ತಿಳಿಯಾಗಿ, ಬೆಚ್ಚಗಾಗುತ್ತದೆ. ಕೊಡೆಗಳು ಈಜಾಡುವ ಕಾಲ ಅದೇ. ಮಳೆಗಾಲದ ಕೆಂಪುನೀರು ನುಗ್ಗಿದ ಮೇಲೆ ಅವು ಕಾಣುವುದಿಲ್ಲ.

ಇಲ್ಲೇ ಯೋಚಿಸಬೇಕಾದ ಮಾತು ಇದೆ. ಮಡುವನ್ನು ಮರಳಿಗಾಗಿ ಬಗೆದರೆ, ಕೊಳಚೆ ಬಿಟ್ಟರೆ, ಮೀನು ಹಿಡಿಯಲೆಂದು ವಿಷ ಹಾಕಿದರೆ ದೊಡ್ಡ ಮೀನು ಸತ್ತದ್ದು ಕಾಣುತ್ತದೆ. ಕಲ್ಲಿಗೆ ಅಂಟಿದ ಒಂದು ಮಿಲಿಮೀಟರಿನ ಜೀವ ಸತ್ತದ್ದು ಯಾರಿಗೂ ಕಾಣುವುದಿಲ್ಲ. ನೋಡದೇ ಇದ್ದ ಪ್ರಾಣಿ ಹೋದರೆ, ಹೋಯಿತೆಂದು ಹೇಳುವವರೂ ಇರುವುದಿಲ್ಲ.

ಹೆದರಬೇಕೆ?

ಬೇಡ. ಸಮುದ್ರದ ಕೆಲವು ಅಂಬಲಿ ಮೀನುಗಳು ಕುಟುಕಿದರೆ ಉರಿ, ಬಾವು ಬರುತ್ತದೆ. ಪ್ರಾಣಕ್ಕೆ ಅಪಾಯ ತರುವವೂ ಇವೆ. ದಡದಲ್ಲಿ ಸತ್ತು ಬಿದ್ದಿದ್ದರೂ ಅವನ್ನು ಮುಟ್ಟಬಾರದು. ಆದರೆ ಸಿಹಿನೀರಿನ ಈ ಪುಟ್ಟ ಅಂಬಲಿ ಮೀನಿನ ಕುಟುಕು ದಾರ ಮನುಷ್ಯರ ಚರ್ಮಕ್ಕೆ ಸಾಮಾನ್ಯವಾಗಿ ನಾಟುವುದೇ ಇಲ್ಲ. ನಿಮ್ಮೂರಿನ ನೀರಿನಲ್ಲಿ ಕಂಡರೆ ಯಾರೂ ಗಾಬರಿಯಾಗಿ ಬ್ಲೀಚಿಂಗ್ ಪೌಡರ್ ಸುರಿಯದಂತೆ ನೀವೇ ದೊಡ್ಡವರಿಗೆ ತಿಳಿಸಿ ಹೇಳಿ.

ನಿಮಗಿದು ಗೊತ್ತೆ?

ಪೆಸಿಫಿಕ್ ಸಾಗರದ ಪಲಾವು ದೇಶದಲ್ಲಿ ಅಂಬಲಿ ಮೀನುಗಳ ಸರೋವರ ಎಂದೇ ಹೆಸರಾದ ಒಂದು ಸರೋವರ ಇದೆ. ಅಲ್ಲಿ ಹೊಂಬಣ್ಣದ ಅಂಬಲಿ ಮೀನುಗಳಿವೆ. ಆದರೆ ಅದು ಸಿಹಿನೀರಿನ ಸರೋವರ ಅಲ್ಲ! ಸುಣ್ಣಕಲ್ಲಿನ ಬಿರುಕುಗಳ ಮೂಲಕ ಸಮುದ್ರದ ನೀರು ಅದರೊಳಗೆ ಬರುತ್ತದೆ. ಸರೋವರ ಎಂದ ಮಾತ್ರಕ್ಕೆ ಸಿಹಿನೀರು ಎಂದು ತಿಳಿಯಬಾರದು.

ನೀವೂ ನೋಡಿ

ಆಘಾರ್ಕರ್ ಅಂಬಲಿ ಮೀನನ್ನು ಕಂಡದ್ದು ಯಾವುದೋ ದೂರದೇಶದಲ್ಲಿ ಅಲ್ಲ. ತಾವು ಸುತ್ತಾಡುತ್ತಿದ್ದ ಬೆಟ್ಟಗಳ ಹೊಳೆಯಲ್ಲಿ. ನಿಮ್ಮೂರ ಕೆರೆಯನ್ನು ನೀವೂ ಹೀಗೆ ನೋಡಬಹುದು.

1. ಶಿಕ್ಷಕರು ಅಥವಾ ಮನೆಯ ದೊಡ್ಡವರ ಜೊತೆಯಲ್ಲೇ ಹೋಗಿ. ನೀರಿಗೆ ಇಳಿಯಬೇಡಿ. ಕೋಲಿಗೆ ಕಟ್ಟಿದ ಡಬ್ಬಿಯಿಂದ ನೀರನ್ನು ದೊಡ್ಡವರೇ ಎತ್ತಿಕೊಡಲಿ.
2. ನೀರನ್ನು ಗಾಜಿನ ಬಾಟಲಿಗೆ ಹಾಕಿ, ಸ್ವಲ್ಪ ಜೊಂಡನ್ನೂ ಸೇರಿಸಿ. ಅರ್ಧ ಗಂಟೆ ಅಲುಗಾಡಿಸದೆ ಇಡಿ.
3. ಬಾಟಲಿಯ ಹಿಂದೆ ಕಪ್ಪು ಕಾಗದ ಹಿಡಿದು ಭೂತಗನ್ನಡಿಯಿಂದ ನೋಡಿ. ಜಿಗಿಯುವ ಡ್ಯಾಫ್ನಿಯ, ಸೈಕ್ಲಾಪ್ಸ್ ಕಾಣಬಹುದು. ಎಲೆಗೆ ಅಂಟಿದ, ದಾರದ ತುಂಡಿನಂಥ ಹೈಡ್ರ ಸಿಕ್ಕರೆ ಅಂಬಲಿ ಮೀನಿನ ಬಂಧುವೇ ಸಿಕ್ಕಂತೆ!
4. ದಿನಾಂಕ, ಜಾಗ, ಬಿಸಿಲೋ ಮೋಡವೋ, ಕಂಡದ್ದು ಏನು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಚಿತ್ರ ಬಿಡಿಸಿ. ಏನೂ ಕಾಣದಿದ್ದರೆ ಅದನ್ನೂ ಬರೆಯಿರಿ.
5. ನೋಡಿದ ಮೇಲೆ ನೀರನ್ನು ಅದೇ ಕೆರೆಗೆ ಬಿಡಿ. ಒಂದು ಕೆರೆಯ ಗಿಡ, ಮೀನು, ನೀರನ್ನು ಇನ್ನೊಂದು ಕೆರೆಗೆ ಹಾಕಬಾರದು. ಏಕೆ ಎಂದು ಈಗ ನಿಮಗೆ ಗೊತ್ತಿದೆಯಲ್ಲವೇ?

ಬೇಸಿಗೆಯಲ್ಲಿ ಎಂದಾದರೂ ತಿಳಿನೀರಿನಲ್ಲಿ ನಾಣ್ಯದಷ್ಟು ಅಗಲದ ಗಾಜಿನ ಕೊಡೆಯೊಂದು ಮಿಡಿಯುವುದು ಕಂಡರೆ ಕೂಡಲೇ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ಫೋಟೋ ತೆಗೆಸಿ, ದಿನಾಂಕ ಬರೆದಿಡಿ.

ಉತ್ತರಿಸಿ

1. ಅಂಬಲಿ ಮೀನು ನಿಜವಾಗಿ ಮೀನಲ್ಲ. ಎರಡು ಕಾರಣ ಕೊಡಿ.
2. ನೆನೆಸಿದ ಒಣದ್ರಾಕ್ಷಿ ಉಬ್ಬುವುದಕ್ಕೂ ಸಿಹಿನೀರಿನ ಅಂಬಲಿ ಮೀನಿನ ತೊಂದರೆಗೂ ಏನು ಸಂಬಂಧ?
3. ಪಾಲಿಪ್ ಮತ್ತು ಮೆಡ್ಯೂಸ ಇವುಗಳ ಚಿತ್ರ ಬರೆದು ವ್ಯತ್ಯಾಸ ತಿಳಿಸಿ.
4. ಲಂಡನ್ನಿನ ತೊಟ್ಟಿಯ ಅಂಬಲಿ ಮೀನುಗಳೆಲ್ಲ ಗಂಡಾಗಿದ್ದವು. ಏಕೆ?
5. ಭಾರತದ ನಕ್ಷೆಯಲ್ಲಿ ಕೃಷ್ಣಾ, ಕೊಯ್ನಾ, ವೆಣ್ಣಾ ನದಿಗಳನ್ನು ಗುರುತಿಸಿ.
6. ಚರ್ಚಿಸಿ: "ನಮ್ಮೂರ ಕೆರೆಯಲ್ಲಿ ಅಂಬಲಿ ಮೀನು ಇಲ್ಲ" ಎನ್ನುವುದಕ್ಕೂ "ನಾವು ನೋಡಿಲ್ಲ" ಎನ್ನುವುದಕ್ಕೂ ಏನು ವ್ಯತ್ಯಾಸ?